ಕ್ಲೌಡ್‌ನಿಂದ ಕಚೇರಿಗೆ ಮರಳುವ ದಾರಿ



ಒಂದು ಸಹಕಾರ ಸಂಘದ ಕಚೇರಿಯನ್ನು ನೆನೆಸಿಕೊಳ್ಳಿ. ಮೂಲೆಯ ಕೋಣೆಯಲ್ಲಿ ಒಂದು ಸರ್ವರ್. ಹೊರಗಿನಿಂದ ನೋಡಿದರೆ ಒಂದೇ ಯಂತ್ರ. ಒಳಗೆ ಮಾತ್ರ ಸಾಲದ ಲೆಕ್ಕಕ್ಕೊಂದು, ಸದಸ್ಯರ ದಾಖಲೆಗೊಂದು, ಸಂಬಳಕ್ಕೊಂದು ಎಂದು ಮೂರು ಕಂಪ್ಯೂಟರುಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿವೆ. ಇವೇ ವರ್ಚುವಲ್ ಮಷೀನುಗಳು. ಇಂಥ ಮಷೀನಿನ ಇಡೀ ಡಿಸ್ಕು ಸಾಮಾನ್ಯವಾಗಿ ಒಂದು ದೊಡ್ಡ ಫೈಲು, ಅಷ್ಟೆ. ಆದ್ದರಿಂದಲೇ ರಾತ್ರಿ ಅದರ ನಕಲು ತೆಗೆದು ದೂರದ ಕ್ಲೌಡ್‌ಗೆ ಕಳಿಸಬಹುದು. ಕಚೇರಿಗೆ ಬೆಂಕಿ ಬಿದ್ದರೂ ನಕಲು ಅಲ್ಲಿದೆ ಎಂದು ನೆಮ್ಮದಿಯಾಗಿರುತ್ತೇವೆ.

ಅಲ್ಲಿರುವುದನ್ನು ಇಲ್ಲಿಗೆ ತರುವುದು ಹೇಗೆಂದು ಯೋಚಿಸುವವರು ಕಡಿಮೆ. ನನ್ನ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಹೋಗುವಾಗ ಮೊದಲ ಸಲ ಮಾತ್ರ ಪೂರ್ತಿ ನಕಲು ಹೋಗುತ್ತದೆ. ಆಮೇಲೆ ದಿನಾ ಬದಲಾದಷ್ಟೇ. ಹಾಗಾಗಿ ಅದರ ಭಾರ ನಮಗೆ ತಿಳಿಯುವುದಿಲ್ಲ. ಬರುವಾಗ ಎಲ್ಲವೂ ಒಟ್ಟಿಗೆ ಬರಬೇಕು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಲೈನಿನಲ್ಲಿ 1 ಟೆರಾಬೈಟ್ ಇಳಿಸಲು, ಎಲ್ಲೂ ತಡೆಯಾಗದಿದ್ದರೆ, 22 ಗಂಟೆ ಬೇಕು. 10 ಟೆರಾಬೈಟ್ ಇದ್ದರೆ ಒಂಬತ್ತು ದಿನ ದಾಟುತ್ತದೆ. ಒಂಬತ್ತು ದಿನ ಸಂಘದ ಕೌಂಟರ್ ಮುಚ್ಚಿದರೆ ಗತಿಯೇನು? ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಂಥ ಅಗ್ಗದ ಉಗ್ರಾಣದಲ್ಲಿಟ್ಟಿದ್ದರೆ, ಇಳಿಸಲು ಶುರುಮಾಡುವ ಮೊದಲೇ 12 ಗಂಟೆ ಕಾಯಬೇಕಾಗಬಹುದು. ಇಳಿಸಿಕೊಂಡ ಪ್ರತಿ ಗಿಗಾಬೈಟಿಗೆ ಶುಲ್ಕವೂ ಬೀಳುವುದು ಸಾಮಾನ್ಯ.

ಫೈಲು ಬಂತೆನ್ನಿ. ಹಳೆಯ ಸರ್ವರ್ ಸುಟ್ಟು, ಹೊಸದರಲ್ಲಿ ಬೇರೆ ಕಂಪನಿಯ ವ್ಯವಸ್ಥೆ ಇದ್ದರೆ ಮೊದಲು ಫೈಲಿನ ರೂಪ ಬದಲಿಸಬೇಕು. ಮೈಕ್ರೋಸಾಫ್ಟಿನ ವಿಎಚ್‌ಡಿ ಒಂದು ಬಗೆ, ವಿಎಂವೇರ್‌ನ ವಿಎಂಡಿಕೆ ಇನ್ನೊಂದು ಬಗೆ. ಬದಲಿಸಿ ಮಷೀನ್ ಆನ್ ಮಾಡುತ್ತೀರಿ. ಕಪ್ಪು ಪರದೆ. ಬೂಟ್ ಆಗಲು ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಡಿಸ್ಕು ಅಲ್ಲೇ ಇದೆ, ಹೊಸ ಮನೆಯಲ್ಲಿ ಅದನ್ನು ಗುರುತಿಸುವ ಡ್ರೈವರ್ ಆ ಮಷೀನಿಗಿಲ್ಲ. ಅದನ್ನೂ ಹಾಕಿದಿರಿ, ಮಷೀನ್ ಎದ್ದಿತು. ಆದರೆ ನೆಟ್‌ವರ್ಕ್ ಕಾರ್ಡ್ ಹೊಸದಾದ್ದರಿಂದ ಐಪಿ ವಿಳಾಸ ಬದಲಾಗಿದೆ. ಸಂಬಳದ ಮಷೀನು ಪಾಪ, ಹಳೆಯ ವಿಳಾಸದಲ್ಲೇ ಬಾಗಿಲು ತಟ್ಟುತ್ತಿದೆ.

ಇದಕ್ಕಿಂತ ಕೆಟ್ಟದ್ದೆಂದರೆ ಕ್ಲೌಡ್‌ನಲ್ಲಿ ನಕಲೇ ಇಲ್ಲದಿರುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಕಣ್ತಪ್ಪಿನಿಂದ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಕ್ಲೌಡ್‌ನ ಬ್ಯಾಕಪ್ ತೆರೆದು ನೋಡಿದರೆ ಖಾಲಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿನದಕ್ಕಿಂತ ಹಳೆಯದಾಗಿ, ಕೆಲಸ ಪ್ರತಿಸಲವೂ ಅರ್ಧಕ್ಕೇ ನಿಂತಿತ್ತು. ಹಾಗೆಂದು ತಿಳಿಸುವ ಇಮೇಲ್‌ಗಳೂ ತಲುಪಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದ ನಕಲೊಂದಿತ್ತು. ಅದನ್ನು ನಿಧಾನದ ಡಿಸ್ಕುಗಳಿಂದ ತಂದು ಹಾಕಲು ಸುಮಾರು 18 ಗಂಟೆ ಹಿಡಿಯಿತು. ಇದನ್ನೆಲ್ಲ ಅವರು ಮುಚ್ಚಿಡದೆ ಲೋಕಕ್ಕೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ನಿಮಗೆ ಹೀಗಾಗದಿರಲು, ನಿಮ್ಮ ಕಚೇರಿಯಲ್ಲಿ ಒಂದು ಶನಿವಾರ ಗೊತ್ತುಮಾಡಿ. ಒಂದೇ ಒಂದು ಮಷೀನನ್ನು ಕ್ಲೌಡ್‌ನಿಂದ ತಂದು, ನಡೆಯುತ್ತಿರುವ ಮಷೀನಿಗೆ ತಾಗದಂತೆ ಪ್ರತ್ಯೇಕ ನೆಟ್‌ವರ್ಕಿನಲ್ಲಿ ಎಬ್ಬಿಸಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಲೆಕ್ಕ ಬರೆಯುವವರನ್ನೇ ಕೂರಿಸಿ, ಹಿಂದಿನ ದಿನದ ಕೊನೆಯ ರಸೀದಿ ಅದರಲ್ಲಿದೆಯೇ ಎಂದು ನೋಡಿಸಿ. ಬ್ಯಾಕಪ್‌ಗೆ ಹಾಕಿದ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಲಾಕರಿನಲ್ಲಿಡಿ. ನೀವೇ ಬೀಗ ಹಾಕಿದ ಬ್ಯಾಕಪ್‌ನ ಪಾಸ್‌ವರ್ಡ್ ಸುಟ್ಟ ಸರ್ವರಿನೊಳಗೇ ಉಳಿದರೆ, ಆ ನಕಲನ್ನು ಕ್ಲೌಡ್ ಕಂಪನಿಯವರೂ ತೆರೆದುಕೊಡಲಾರರು.