ತಟ್ಟೆ ತೊಳೆಯುವವರು ಯಾರು?

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಮುಂದೆ ಬರಲಿರುವ ಒಳ್ಳೆಯ ಕಾಲವನ್ನು ಬಣ್ಣಿಸುವ ಕೆಲವು ಕಾದಂಬರಿಗಳನ್ನು ನಾವು ಈಚೆಗೆ ಓದಿದೆವು. ವಿಜ್ಞಾನದ ಕಥೆಯೆಂದರೆ ರಾಕೆಟ್ಟು, ಲೋಕನಾಶ ಎಂದು ತಿಳಿದವರಿಗೆ ಇವು ಬೇರೆಯೇ ಬಗೆಯವು. ಇಲ್ಲಿ ಲೋಕ ಸುಧಾರಿಸಿರುತ್ತದೆ. ಅಂಥ ಪುಸ್ತಕ ಕೈಗೆ ಬಂದೊಡನೆ ನಾವು ಕೇಳುವ ಪ್ರಶ್ನೆ ಒಂದೇ: ಆ ಊರಿನಲ್ಲಿ ಊಟವಾದ ಮೇಲೆ ತಟ್ಟೆ ತೊಳೆಯುವವರು ಯಾರು?

ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ ‘ಲುಕಿಂಗ್ ಬ್ಯಾಕ್‌ವರ್ಡ್’ ಎಂಬ ಕಾದಂಬರಿ ಪ್ರಕಟಿಸಿದನು. ಬಾಸ್ಟನ್ನಿನ ಶ್ರೀಮಂತ ತರುಣನೊಬ್ಬ 1887ರಲ್ಲಿ ಮಲಗಿ 2000ದಲ್ಲಿ ಏಳುತ್ತಾನೆ. ಖಾಸಗಿ ಧಣಿಗಳಿಲ್ಲ. 21ನೆಯ ವಯಸ್ಸಿಗೆ ದುಡಿಮೆಗೆ ಸೇರಿದರೆ 45ಕ್ಕೆ ಬಿಡುಗಡೆ. ಕಷ್ಟದ ಕೆಲಸಕ್ಕೆ ಗಂಟೆಗಳು ಕಡಿಮೆ. ಊರವರಿಗೆ ಸಾರ್ವಜನಿಕ ಭೋಜನಶಾಲೆಯುಂಟು. ಅಲ್ಲಿ ಬಡಿಸಲು ಬಂದ ಹುಡುಗನ ನಡೆನುಡಿ ಕಂಡು ಅತಿಥಿ ಬೆರಗಾಗುತ್ತಾನೆ. ಕರೆತಂದ ಯಜಮಾನರು ಡಾಕ್ಟರು. ನಲವತ್ತು ವರ್ಷಗಳ ಹಿಂದೆ ತಾವೂ ಇದೇ ಭೋಜನಶಾಲೆಯಲ್ಲಿ ಕೆಲವು ತಿಂಗಳು ಮಾಣಿಯಾಗಿದ್ದೆವೆಂದು ಅವರು ಸಹಜವಾಗಿ ಹೇಳುತ್ತಾರೆ. ಆ ಪುಟವನ್ನು ನಾವು ಎರಡು ಸಲ ಓದಿದೆವು. ‘ಏ ಮಾಣಿ’ ಎಂದು ಕೂಗಿಸಿಕೊಂಡವರಿಗೆ ಅದರ ಬೆಲೆ ತಿಳಿದೀತು.

ಆದರೆ ಆ ರಾಜ್ಯದಲ್ಲಿ ದುಡಿಯುತ್ತಿರುವವನಿಗೆ ಮೇಲಿನವರನ್ನು ಆರಿಸುವ ಮತವಿಲ್ಲ; ನಿವೃತ್ತರೇ ಆರಿಸುವರು. ದುಡಿಮೆಯೆಲ್ಲ ದಂಡಿನ ಕಟ್ಟುನಿಟ್ಟು. ಯೂನಿಯನ್ ಕಟ್ಟಿದವರು ಒಪ್ಪುವ ಮಾತಲ್ಲ. ಇಂಗ್ಲೆಂಡಿನ ವಿಲಿಯಂ ಮಾರಿಸನಿಗೂ ಇದು ರುಚಿಸಲಿಲ್ಲ. ಆತ 1890ರಲ್ಲಿ ‘ನ್ಯೂಸ್ ಫ್ರಮ್ ನೋವೇರ್’ ಬರೆದು, ಕೆಲಸವೇ ಸಂತೋಷವಾದ ನಾಡೊಂದನ್ನು ತೋರಿಸಿದನು.

ನಮ್ಮ ದೇಶದಲ್ಲೂ ಇಂಥ ಕಥೆ ಹುಟ್ಟಿದೆ. ಬಂಗಾಳದ ಬೇಗಂ ರೊಕೇಯಾ ಅವರ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿ ಹೆಂಗಸರದೇ ಆಡಳಿತ, ಗಂಡಸರು ಒಳಮನೆಯಲ್ಲಿ. ಅಡಿಗೆ ಸೂರ್ಯನ ಶಾಖದಿಂದ. ಹೊಗೆಯೂ ಇಲ್ಲ, ಇದ್ದಿಲೂ ಇಲ್ಲ. ಭಟ್ಟಿಯ ಮುಂದೆ ನಿಲ್ಲುವವರು ಕೇಳಬೇಕಾದ ಕಥೆ. ಕೆಲಸ ದಿನಕ್ಕೆ ಎರಡೇ ಗಂಟೆ. ಗಂಡಸರಿಗೆ ಏಳು ಗಂಟೆ ಹಿಡಿಯುತ್ತಿದ್ದುದು ಚುಟ್ಟ ಸೇದುತ್ತ ಕೂತಿದ್ದರಿಂದಂತೆ! ಸಭೆಯಲ್ಲಿ ಕೆಲವರು ಕಿಸೆ ಮುಟ್ಟಿಕೊಳ್ಳುತ್ತಿರುವುದು ಕಾಣುತ್ತಿದೆ.

ರಶಿಯದ ಕ್ರೊಪಾಟ್ಕಿನ್ ಬರೆದುದು ಕಥೆಯಲ್ಲ, ಸಿದ್ಧಾಂತ. ಸರಕಾರವೂ ಬೇಡ, ಧಣಿಯೂ ಬೇಡ ಎಂದವನು ಆತ. 1892ರ ‘ದಿ ಕಾಂಕ್ವೆಸ್ಟ್ ಆಫ್ ಬ್ರೆಡ್’ನಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ಅಮೆರಿಕದ ಹೆಂಗಸೊಬ್ಬಳು ಕಂಡುಹಿಡಿದ ಯಂತ್ರ, ಮೂರು ನಿಮಿಷದೊಳಗೆ ಹನ್ನೆರಡು ಡಜನ್ ತಟ್ಟೆ ತೊಳೆದು ಒಣಗಿಸುವುದೆಂದು ಅವನು ಬರೆಯುತ್ತಾನೆ. ದಿನಕ್ಕೆ ಐದು ಗಂಟೆ ದುಡಿದರೆ ಎಲ್ಲರಿಗೂ ಸಾಕೆಂಬುದು ಅವನ ಲೆಕ್ಕ. ಸೋದರರೇ, ಆ ಯಂತ್ರ ದೊಡ್ಡ ಹೋಟೆಲುಗಳಿಗೆ ಬಂದಿದೆ. ಐದು ಗಂಟೆಯ ದಿನ ಬಂದಿಲ್ಲ. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದುದನ್ನು ಕಂಡ ಹಿರಿಯರಿಗೆ, ಯಂತ್ರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೊಪಾಟ್ಕಿನ್‌ನನ್ನು ಓದಿಕೊಂಡಿದ್ದ ಅಮೆರಿಕದ ಲೇಖಕಿ ಉರ್ಸುಲಾ ಲೆಗ್ವಿನ್ 1974ರಲ್ಲಿ ‘ದಿ ಡಿಸ್ಪೊಸೆಸ್ಡ್’ ಬರೆದರು. ಇದೇ ನಮಗೆ ಹೆಚ್ಚು ಹಿಡಿಸಿದುದು. ಅನಾರಸ್ ಎಂಬ ಒಣಲೋಕದಲ್ಲಿ ಹಣವಿಲ್ಲ, ಆಸ್ತಿಯಿಲ್ಲ, ಸರಕಾರವಿಲ್ಲ. ಹತ್ತು ದಿನಕ್ಕೊಮ್ಮೆ ಪ್ರತಿಯೊಬ್ಬರೂ ಒರಟು ಕೆಲಸಕ್ಕೆ ಹೊರಡಬೇಕು. ಕಥಾನಾಯಕ ಶೆವೆಕ್ ದೊಡ್ಡ ವಿಜ್ಞಾನಿ. ಆತನೂ ಧೂಳಿನಲ್ಲಿ ನಿಂತು ಗಿಡ ನೆಟ್ಟವನೇ. ಆದರೆ ಲೇಖಕಿ ಸುಳ್ಳು ಸಕ್ಕರೆ ಬಡಿಸಿಲ್ಲ. ಬರಗಾಲ ಬರುತ್ತದೆ, ಜನ ಅರೆಹೊಟ್ಟೆಯಲ್ಲಿರುತ್ತಾರೆ. ಕಾನೂನಿಲ್ಲದಿದ್ದರೂ ನೆರೆಯವರು ಏನೆಂದಾರೋ ಎಂಬ ಅಂಜಿಕೆ ಜನರನ್ನು ಕಟ್ಟಿಹಾಕುತ್ತದೆ. ಹೊಟ್ಟೆಕಿಚ್ಚಿನ ಹಿರಿಯನೊಬ್ಬ ಶೆವೆಕ್‌ನ ಸಂಶೋಧನೆಗೆ ಅಡ್ಡ ನಿಲ್ಲುತ್ತಾನೆ. ಸಂಘಸಂಸ್ಥೆಗಳಲ್ಲಿ ದುಡಿದವರಿಗೆ ಇದು ಪರಲೋಕದ ಕಥೆ ಎನಿಸದು.

ಈ ಪುಸ್ತಕಗಳನ್ನು ನಾವು ಇಂಗ್ಲಿಷಿನಲ್ಲೇ ಓದಿದೆವು. ರಾತ್ರಿಶಾಲೆಯಲ್ಲಿ ಕಲಿತ ತರುಣರು ಇಲ್ಲಿ ಹಲವರಿದ್ದಾರೆ. ಅವರು ಒಂದೊಂದನ್ನು ಓದಿ, ವಾರಕ್ಕೊಂದು ರಾತ್ರಿ ಪಾಳಿ ಮುಗಿದ ಮೇಲೆ ಉಳಿದವರಿಗೆ ಕನ್ನಡದಲ್ಲಿ ಕಥೆ ಹೇಳಬೇಕೆಂದು ನಮ್ಮ ಕೋರಿಕೆ. ಮೊದಲು ಶೆವೆಕ್‌ನ ಕಥೆಯೇ ಆಗಲಿ.