ಯಾರೂ ಎತ್ತದ ಕೈಗವಸು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ನಾವು ಮೇಷ್ಟರಾಗಿದ್ದಾಗ ರಾಜರ ಪಟ್ಟಾಭಿಷೇಕದ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ಆ ಪಾಠದಲ್ಲಿ ಬಿಟ್ಟುಹೋದುದನ್ನು ಇಂದು ನಿಮ್ಮ ಮುಂದೆ ಹೇಳುತ್ತೇವೆ.

ಇಂಗ್ಲೆಂಡಿನಲ್ಲಿ ‘ರಾಜನ ಚಾಂಪಿಯನ್’ ಎಂಬ ಹುದ್ದೆಯೊಂದುಂಟು. ಲಿಂಕನ್‌ಶೈರಿನ ಸ್ಕ್ರಿವೆಲ್ಸ್‌ಬಿ ಜಹಗೀರಿಗೆ ಅಂಟಿಕೊಂಡು ಬಂದದ್ದು. 1377ರಲ್ಲಿ ಎರಡನೇ ರಿಚರ್ಡನಿಗೆ ಪಟ್ಟವಾದಂದಿನಿಂದ ಡಿಮೊಕ್ ಮನೆತನದವರೇ ಹಕ್ಕುದಾರರು. ಕೆಲಸವೇನು? ಪಟ್ಟಾಭಿಷೇಕದ ಔತಣದ ಹೊತ್ತಿಗೆ ಉಕ್ಕಿನ ಕವಚ ತೊಟ್ಟು, ಕುದುರೆಯೇರಿ, ವೆಸ್ಟ್‌ಮಿನ್‌ಸ್ಟರ್ ಸಭಾಂಗಣದೊಳಕ್ಕೇ ಬರುವುದು. ಇವನು ರಾಜನಲ್ಲವೆನ್ನುವವನು ನನ್ನೊಡನೆ ಕಾದಲಿ ಎಂದು ಸಾರಿಸಿ, ಕೈಗವಸನ್ನು ಮೂರು ಸಲ ನೆಲಕ್ಕೆಸೆಯುವುದು. ನಮ್ಮಲ್ಲಿ ರಣವೀಳ್ಯ ಕೊಟ್ಟ ಹಾಗೆ. ಒಳಗಿದ್ದವರೆಲ್ಲ ಔತಣಕ್ಕೆ ಬಂದವರು, ಎತ್ತುವವರು ಯಾರು? ಕಡೆಗೆ ರಾಜ ಚಿನ್ನದ ಬಟ್ಟಲಲ್ಲಿ ಕುಡಿದು, ಬಟ್ಟಲನ್ನು ಅವನಿಗೇ ಕೊಡುತ್ತಿದ್ದ. ಅದೇ ಕೂಲಿ!

ಇಂಥ ಕೊನೆಯ ಸವಾಲು ನಡೆದದ್ದು 1821ರ ಜುಲೈ 19ರಂದು, ನಾಲ್ಕನೇ ಜಾರ್ಜನ ಪಟ್ಟಾಭಿಷೇಕದಲ್ಲಿ. ಹಕ್ಕುದಾರ ಪಾದ್ರಿಯಾಗಿದ್ದುದರಿಂದ ಇಪ್ಪತ್ತರ ಹರೆಯದ ಮಗ ಬಂದ. ಕುದುರೆ ಆಸ್ಟ್ಲಿಯ ಸರ್ಕಸ್ಸಿನದು! ಆ ಪಟ್ಟಾಭಿಷೇಕಕ್ಕೆ ತಗುಲಿದ ಖರ್ಚು ಎರಡು ಲಕ್ಷ ಪೌಂಡಿಗೂ ಹೆಚ್ಚು.

ನಿಜವಾದ ಸವಾಲು ಇದಕ್ಕೂ ಎರಡು ವರ್ಷ ಮೊದಲೇ ನಡೆದಿತ್ತು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನೇಕಾರರೂ ಗಿರಣಿ ಕೂಲಿಗಳೂ ಹೆಂಡತಿ ಮಕ್ಕಳೊಡನೆ ನೆರೆದು ಮತದ ಹಕ್ಕು ಕೇಳಿದರು. ಅಷ್ಟು ದೊಡ್ಡ ಊರಿಗೆ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಅವರ ಕೈಯಲ್ಲಿ ಆಯುಧವಿರಲಿಲ್ಲ. ಅವರ ಮೇಲೆ ಕುದುರೆ ನುಗ್ಗಿಸಿದರು, ಕತ್ತಿ ಬೀಸಿದರು. ಹದಿನೈದು ಜನರಾದರೂ ಸತ್ತರು, ನೂರಾರು ಜನ ಗಾಯಗೊಂಡರು. ಆಗ ರಾಜಪ್ರತಿನಿಧಿಯಾಗಿದ್ದ ಇದೇ ಜಾರ್ಜ್, ಅಧಿಕಾರಿಗಳಿಗೂ ಸವಾರರಿಗೂ ತನ್ನ ವಂದನೆ ತಿಳಿಸಿದ.

ವರ್ತಕ ಮಿತ್ರರೇ, ಇಲ್ಲಿ ನೀವು ಗಮನಿಸಬೇಕು. ಮೊದಲು ನುಗ್ಗಿದ ಸವಾರರು ದೂರದವರಲ್ಲ. ಅವರಲ್ಲಿ ಆ ಊರಿನ ಗಿರಣಿ ಮಾಲೀಕರಿದ್ದರು, ಅಂಗಡಿಯವರೂ ಇದ್ದರು. ತಮ್ಮಲ್ಲಿ ಉಪ್ಪು ಹಿಟ್ಟು ಕೊಳ್ಳುವವರ ಮೇಲೆಯೇ ಕತ್ತಿ ಎತ್ತಿದರು!

1831ರಲ್ಲಿ ಖರ್ಚು ಉಳಿಸಲು ಔತಣವನ್ನೇ ಕೈಬಿಟ್ಟರು, ಸವಾಲೂ ನಿಂತಿತು. 2023ರಲ್ಲಿ ಮೂರನೇ ಚಾರ್ಲ್ಸನ ಪಟ್ಟಾಭಿಷೇಕಕ್ಕೆ ಡಿಮೊಕ್ ವಂಶದವರು ಧ್ವಜ ಹಿಡಿದು ಬಂದರು, ಅಷ್ಟೆ. ಆದರೆ ಮೈದಾನದ ಸವಾಲು ನಿಲ್ಲಲಿಲ್ಲ. 1832ರಲ್ಲಿ ಮ್ಯಾಂಚೆಸ್ಟರಿಗೆ ಎರಡು ಸ್ಥಾನ ಸಿಕ್ಕವು. 1918ರಲ್ಲಿ ವಯಸ್ಕ ಗಂಡಸರಿಗೂ, 1928ರಲ್ಲಿ ಅವರ ಸಮಾನವಾಗಿ ಹೆಂಗಸರಿಗೂ ಮತ ದೊರೆಯಿತು. ನೂರು ವರ್ಷ ಹಿಡಿಯಿತು, ದಕ್ಕಿತು.

ಬಂಧುಗಳೇ, ಮತವೆಂಬುದು ಹೀಗೆ ರಕ್ತ ತೆತ್ತು ಪಡೆದ ವಸ್ತು. ಚುನಾವಣೆಯ ದಿನ ಅದನ್ನು ಒಂದು ಲೋಟ ಕಾಫಿಗೆ ಮಾರಬೇಡಿ. ಕೂಲಿಯವನೂ ಅಂಗಡಿಯವನೂ ಒಂದೇ ಮೈದಾನದಲ್ಲಿ, ಒಂದೇ ಕಡೆ ನಿಲ್ಲಿ. ಇಷ್ಟೇ ನಮ್ಮ ಬಿನ್ನಹ.