ಸೊಟ್ಟ ಕಾಲು ಹಣೆಬರಹವಲ್ಲ



ಇವತ್ತು ನಾವು ಮಕ್ಕಳ ಕಾಲಿನ ಬಗ್ಗೆ ಮಾತಾಡೋಣ.

ಕೆಲವು ಮಕ್ಕಳ ಕಾಲು ಬಿಲ್ಲಿನ ಹಾಗೆ ಬಾಗಿರುತ್ತದೆ. ಕೆಲವರಿಗೆ ನಡೆಯುವಾಗ ಮಂಡಿಗೆ ಮಂಡಿ ತಾಗುತ್ತದೆ. "ಹಣೆಬರಹ, ಏನು ಮಾಡೋದು?" ಅಂತ ನಾವು ಸುಮ್ಮನಾಗುತ್ತೇವೆ. ಹೆಣ್ಣುಮಗುವಾದರೆ ಉದ್ದ ಲಂಗ ಹಾಕಿ ಮುಚ್ಚುತ್ತೇವೆ. ಇದು ಹಣೆಬರಹ ಅಲ್ಲ. ಸರಿ ಮಾಡಬಹುದು. ಆದರೆ ಅದಕ್ಕೆ ಒಂದು ವಯಸ್ಸು ಇದೆ.

ಸೊಟ್ಟಗಿರುವುದೆಲ್ಲ ರೋಗವಲ್ಲ. 2 ವರ್ಷದ ಒಳಗಿನ ಕೂಸಿನ ಕಾಲು ಸ್ವಲ್ಪ ಬಾಗಿರುವುದು ಸಹಜ. 3-4 ವರ್ಷದಲ್ಲಿ ಮಂಡಿ ತಾಗುವುದೂ ಸಹಜ. 7 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ.

ಹಾಗಾದರೆ ಡಾಕ್ಟರಿಗೆ ತೋರಿಸೋದು ಯಾವಾಗ?
ಒಂದೇ ಕಾಲು ಸೊಟ್ಟಗಿದ್ದರೆ.
ಸೊಟ್ಟ ಹೆಚ್ಚುತ್ತಾ ಹೋದರೆ.
ಮಗು ಕುಂಟಿದರೆ, ನೋವು ಅಂದರೆ.
7 ವರ್ಷ ದಾಟಿದರೂ ಸರಿಹೋಗದಿದ್ದರೆ.

ಡಾಕ್ಟರು ಎಕ್ಸ್‌ರೇ ತೆಗೆಸುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ. ವಿಟಮಿನ್ ಡಿ, ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿರಬಹುದು. ಇದಕ್ಕೆ ರಿಕೆಟ್ಸ್ ಅನ್ನುತ್ತಾರೆ. ಆಗ ಮೊದಲು ಔಷಧಿ ಕೊಡುತ್ತಾರೆ. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಆಪರೇಷನ್.

ಆಪರೇಷನ್ ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ, ಅಲ್ಲವೇ? ಕೇಳಿ. ಮಕ್ಕಳ ಮೂಳೆಯ ತುದಿಯ ಹತ್ತಿರ ಬೆಳೆಯುವ ಪದರ ಇದೆ. ಮಕ್ಕಳು ಎತ್ತರ ಆಗೋದು ಅದರಿಂದಲೇ. ಮಂಡಿ ತಾಗುವ ಮಗುವಿಗೆ ಮಂಡಿಯ ಒಳಬದಿಯಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇಟ್ಟು, ಎರಡು ಸ್ಕ್ರೂ ಹಾಕುತ್ತಾರೆ. ಮೂಳೆ ಕತ್ತರಿಸುವುದಿಲ್ಲ. ಒಳಬದಿ ಬೆಳೆಯುವುದನ್ನು ಪಟ್ಟಿ ತಡೆಯುತ್ತದೆ. ಹೊರಬದಿ ಬೆಳೆಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದಲ್ಲಿ ಕಾಲು ನೆಟ್ಟಗಾಗುತ್ತದೆ. ಆಮೇಲೆ ಪಟ್ಟಿ ತೆಗೆಯುತ್ತಾರೆ.

ಒಂದು ಮಾತು ನೆನಪಿಡೋಣ. ಡಾಕ್ಟರು ಬರಹೇಳಿದ ದಿನ ತಪ್ಪದೆ ಹೋಗಬೇಕು. ಪಟ್ಟಿ ತೆಗೆಯಲು ತಡವಾದರೆ ಕಾಲು ಇನ್ನೊಂದು ಕಡೆಗೆ ಬಾಗೀತು.

ಹೆಣ್ಣುಮಕ್ಕಳ ಬೆಳವಣಿಗೆ ಸುಮಾರು 14 ವರ್ಷಕ್ಕೆ ನಿಲ್ಲುತ್ತದೆ. ಗಂಡುಮಕ್ಕಳದು ಸುಮಾರು 16ಕ್ಕೆ. ಅದಕ್ಕೆ ಒಂದೆರಡು ವರ್ಷ ಮೊದಲೇ ಈ ಪಟ್ಟಿ ಹಾಕಿಸಬೇಕು. ಬೆಳವಣಿಗೆ ನಿಂತ ಮೇಲೆ ಮೂಳೆ ಕತ್ತರಿಸಿಯೇ ಸರಿ ಮಾಡಬೇಕು. ಅದು ದೊಡ್ಡ ಆಪರೇಷನ್. "ಮದುವೆ ಹೊತ್ತಿಗೆ ನೋಡೋಣ" ಅಂದರೆ ಕಾಲ ಮಿಂಚಿರುತ್ತದೆ.

ಎಲ್ಲಿ ಕೇಳೋದು? 2013ರಲ್ಲಿ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಅದರ ಡಾಕ್ಟರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ಪುಕ್ಕಟೆ ನೋಡುತ್ತಾರೆ. ಅವರು ಬಂದ ದಿನ ಮಗುವನ್ನು ಮುಂದೆ ನಿಲ್ಲಿಸಿ. ಲಂಗ ಮೇಲೆತ್ತಿ ಮಂಡಿ ತೋರಿಸಿ. ನಾಚಿಕೆ ಬೇಡ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ಗಾದೆ ಮೂಳೆಗೂ ಸರಿ.

ಇದನ್ನು ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳೋಣ.